ಮುಂದಿನ ಹೂವಿಗೆ ನೋಡೋಣ



ಸಾಲ ಮತ್ತು ತಾಳ್ಮೆಯ ಬಗ್ಗೆ ಮಾತಾಡಲು ಕರೆದಿದ್ದೀರಿ. ನಾನು ‘ತಾಳು’ ಎಂಬ ಒಂದೇ ಪದವನ್ನು ಹಿಡಿದು ಬಂದಿದ್ದೇನೆ. ಅದನ್ನು ನನಗೆ ಕೊಟ್ಟವರು ಹೈಸ್ಕೂಲಿನ ಕನ್ನಡ ಮೇಷ್ಟ್ರು. ಪರೀಕ್ಷೆಯಲ್ಲಿ ತಾಳ್ಮೆ ಎಂಬುದರ ಸಮಾನಾರ್ಥಕ ಪದ ಕೇಳಿದ್ದರು. ‘ಸಹನೆ’ ಎಂದು ಬರೆದೆ. ಅರ್ಧ ಅಂಕ ಬಂತು. ಯಾಕೆ ಸಾರ್ ಎಂದು ಕೇಳಿದೆ. “ನೋವು ತಾಳು ಅಂತೀವಿ. ಸ್ವಲ್ಪ ತಾಳು, ಬಂದೆ ಅಂತಲೂ ಅಂತೀವಿ. ನಿನ್ನ ಸಹನೆಯಲ್ಲಿ ಆ ಎರಡನೆಯದು ಎಲ್ಲಿದೆ?” ಎಂದರು.

ತಾಳುವುದೆಂದರೆ ಕಾಯುವುದೂ ಹೌದು, ಹೊರುವುದೂ ಹೌದು. ಒಂದಿದ್ದು ಇನ್ನೊಂದಿಲ್ಲದಿದ್ದರೆ ಅದಕ್ಕೆ ಅರ್ಧ ಅಂಕ. ಸಾಲದ ವ್ಯವಹಾರದಲ್ಲಿ ನನ್ನ ತಕರಾರು ಇಷ್ಟೇ.

ಕೋವಿಡ್ ಲಾಕ್‌ಡೌನಿನ ಹೊತ್ತಿನಲ್ಲಿ, 2020ರ ಮಾರ್ಚ್ 27ರಂದು, ರಿಸರ್ವ್ ಬ್ಯಾಂಕು ಕಂತು ಕಟ್ಟುವವರಿಗೆ ಮೂರು ತಿಂಗಳ ಬಿಡುವು ಕೊಡಲು ಬ್ಯಾಂಕುಗಳಿಗೆ ಅನುಮತಿ ನೀಡಿತು. ಅದು ಆಗಸ್ಟ್ 31ರವರೆಗೆ ಮುಂದುವರಿಯಿತು. ಕಂತು ನಿಂತಿತು, ಬಡ್ಡಿ ನಿಲ್ಲಲಿಲ್ಲ. ಕಟ್ಟದ ಬಡ್ಡಿಯ ಮೇಲೆ ಮತ್ತೆ ಬಡ್ಡಿ ಹಾಕುವುದು ನ್ಯಾಯವೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2021ರ ಮಾರ್ಚ್ 23ರ ತೀರ್ಪು ಆ ಅವಧಿಗೆ ಚಕ್ರಬಡ್ಡಿ, ದಂಡಬಡ್ಡಿ ಕೂಡದು ಎಂದಿತು. ಬಡ್ಡಿಯನ್ನೇ ಬಿಟ್ಟುಬಿಡಿ ಎಂಬ ಬೇಡಿಕೆಯನ್ನು ಮಾತ್ರ ಒಪ್ಪಲಿಲ್ಲ. ಕಾದದ್ದು ಬ್ಯಾಂಕು, ನಿಜ. ಹೊತ್ತದ್ದು ಬಹುಮಟ್ಟಿಗೆ ಸಾಲಗಾರನೇ.

2018ರ ಆಗಸ್ಟನ್ನು ಈ ಸಭೆಗೆ ನೆನಪಿಸಬೇಕಿಲ್ಲ. ಮಳೆಗೆ ಕೊಡಗಿನ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಕುಸಿದು ತೋಟವೇ ಹೊಳೆಗೆ ಹೋದವರು ನಮ್ಮ ನಡುವೆ ಇದ್ದಾರೆ. ಪ್ರಕೃತಿ ವಿಕೋಪಕ್ಕೆಂದು ಆಗ ಇದ್ದ ರಿಸರ್ವ್ ಬ್ಯಾಂಕಿನ ನಿಯಮ ಹೀಗಿತ್ತು: ಬೆಳೆ ನಷ್ಟ ಶೇ. 33ರಿಂದ 50ರೊಳಗಿದ್ದರೆ ಸಾಲ ತೀರಿಸಲು ಎರಡು ವರ್ಷದವರೆಗೆ, ಅದಕ್ಕಿಂತ ಹೆಚ್ಚಿದ್ದರೆ ಐದು ವರ್ಷದವರೆಗೆ ಸಮಯ; ಅದರಲ್ಲಿ ಒಂದು ವರ್ಷದ ಬಿಡುವೂ ಸೇರಿತ್ತು. ಹೊಸದಾಗಿ ನೆಟ್ಟ ಕಾಫಿ ಗಿಡ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕು. ಗಿಡ ಇನ್ನೂ ಮೊಣಕಾಲುದ್ದ ಇರುವಾಗಲೇ ಕಂತಿನ ದಿನ ಬಂದುಬಿಡುತ್ತಿತ್ತು. ಹಾಗೆಂದು ಬ್ಯಾಂಕಿಗೆ ಬೆಳೆಯ ಲೆಕ್ಕ ಗೊತ್ತೇ ಇಲ್ಲವೆಂದಲ್ಲ. ಬೇರೆ ಸಾಲದ ಕಂತು 90 ದಿನ ಮೀರಿ ಬಾಕಿ ಉಳಿದರೆ ಅದು ವಸೂಲಾಗದ ಸಾಲ, ಅಂದರೆ ಎನ್‌ಪಿಎ ಆಗುತ್ತದೆ. ಬೆಳೆಸಾಲಕ್ಕೆ ಹಂಗಾಮಿನ ಲೆಕ್ಕ. ಆ ಒಂದು ಸಾಲಿನ ನಿಯಮದಲ್ಲಿ ನಮ್ಮ ಊರಿನ ಬುದ್ಧಿ ಕಾಣುತ್ತದೆ.

ಹಳೆಯ ಕಾಲದ ಮಾತು ಬಂದರೆ ಕೊಡಗಿನ ಒಕ್ಕಗಳು, ಅಂದರೆ ಮನೆತನಗಳು, ವಂಶಪಾರಂಪರ್ಯವಾಗಿ ಹೊಂದಿದ್ದ ಜಮ್ಮಾ ಭೂಮಿಯ ನೆನಪಾಗುತ್ತದೆ. ಕಂದಾಯ ಅರ್ಧ, ಆದರೆ ಒಕ್ಕದವರು ಅದನ್ನು ಮನಬಂದಂತೆ ಮಾರುವಂತಿರಲಿಲ್ಲ, ಅಡವಿಡುವಂತಿರಲಿಲ್ಲ. ಸಾಲ ಕೊಟ್ಟವನ ಕೈ ಆ ಮಣ್ಣಿಗೆ ಸುಲಭವಾಗಿ ತಲುಪುತ್ತಿರಲಿಲ್ಲ. ಕಾಯುವುದು ಅವನಿಗೂ ಅನಿವಾರ್ಯವಾಗಿತ್ತು.

ನಾನು ಕಣ್ಣಾರೆ ಕಂಡ ತಾಳ್ಮೆ ಒಂದಿದೆ. ನನ್ನ ಅಜ್ಜ ಪಕ್ಕದೂರಿನವರೊಬ್ಬರಿಂದ ಕೈಸಾಲ ತಂದಿದ್ದರು. ಪುತ್ತರಿ ಹಬ್ಬ ಕಳೆದು ಕಾಫಿ ಕಣಕ್ಕೆ ಬರುವಾಗ ವಾಯಿದೆ. ಆ ವರ್ಷ ಕಾಫಿ ಅರಳಿಸುವ ಹೂಮಳೆ ಬಂದಿತ್ತು, ಕಾಯಿ ಕಟ್ಟಿಸುವ ಹಿಮ್ಮಳೆ ಕೈಕೊಟ್ಟಿತ್ತು. ಸಾಲ ಕೊಟ್ಟವರು ಬಂದು ಜಗಲಿಯ ಐಮರದ ಮೇಲೆ ಕೂತು ಅಜ್ಜಿ ಕೊಟ್ಟ ಬೆಲ್ಲದ ಕಾಫಿ ಕುಡಿದರು. ಕಣಕ್ಕೆ ಇಳಿದು, ಒಣಗಲು ಹರಡಿದ್ದ ಕಾಫಿಯನ್ನು ಒಂದು ಹಿಡಿ ಎತ್ತಿ ಬೆರಳ ಸಂದಿಯಿಂದ ಬಿಟ್ಟರು. ಅರ್ಧಕ್ಕರ್ಧ ಜೊಳ್ಳು. ಸಾಲದ ಹೆಸರೆತ್ತಲಿಲ್ಲ. ಹೊರಡುವಾಗ “ಮುಂದಿನ ಹೂವಿಗೆ ನೋಡೋಣ” ಎಂದರು. ಆ ವರ್ಷದ ಬಡ್ಡಿಯನ್ನು ಅವರು ಕೊನೆಗೂ ಕೇಳಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ವಾದ ಗೆಲ್ಲುತ್ತಿತ್ತು. ಆದರೆ ದೊಡ್ಡವನಾದ ಮೇಲೆ ಅಜ್ಜಿ ಹೇಳಿದರು: ಅದೇ ವರ್ಷ ತಮ್ಮ ಮಗಳ ಮದುವೆಗೆ ಆ ಸಾಲ ಕೊಟ್ಟವರೇ ಬೇರೆಯವರ ಹತ್ತಿರ ಬಡ್ಡಿಗೆ ಸಾಲ ತಂದಿದ್ದರಂತೆ. ನಮ್ಮ ಹೊರೆಯನ್ನು ಅವರು ಹೊತ್ತಿದ್ದರು. ಅಜ್ಜ ಅದನ್ನು ತಿಳಿದೂ ಸುಮ್ಮನಿದ್ದರೇ? ಕೇಳುವ ಧೈರ್ಯ ನನಗಾಗಲಿಲ್ಲ.

ಹಾಗಾಗಿ ಈ ಪ್ರಶ್ನೆಗಳು ನನ್ನಲ್ಲೇ ಉಳಿದಿವೆ. ನಮ್ಮ ಸಹಕಾರ ಸಂಘದ ದುಡ್ಡು ಯಾರದು? ಪಕ್ಕದ ಮನೆಯವರು ಇಟ್ಟ ಠೇವಣಿಯಲ್ಲವೇ? ಸಂಘ ತಾಳಿದರೆ ಹೊರುವವರು ಅವರೇ ತಾನೇ? ಎಷ್ಟು ಹೂವಿನ ತನಕ ಕಾಯಬೇಕು? ಕಟ್ಟಬಲ್ಲವನೂ ಕಟ್ಟದೆ ಕೂತರೆ ಏನು ಮಾಡಬೇಕು?

ಉತ್ತರ ನನ್ನಲ್ಲಿಲ್ಲ. ಒಂದು ಬೇಡಿಕೆ ಇದೆ. ನಿಮ್ಮ ಸಂಘದ ಮಹಾಸಭೆಯಲ್ಲಿ ಸಾಲದ ವಾಯಿದೆ ಮುಂದೂಡುವ ಠರಾವು ಬಂದರೆ ಕೈ ಎತ್ತುವ ಮೊದಲು ಎದ್ದು ನಿಂತು ಕೇಳಿ: ಈ ಬಿಡುವಿನ ಬಡ್ಡಿಯನ್ನು ಹೊರುವವರು ಯಾರು? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.