ಗುಜರಿಯಿಂದ ಎದ್ದ ಬಾಂಬರ್
(ಸುವರ್ಣ ಮಹೋತ್ಸವದ ಹಳೆವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಮುಖ್ಯೋಪಾಧ್ಯಾಯರು ಸೂಚಿಸಿದ್ದಾರೆ. ಅದನ್ನು ಒಂದು ವಿಮಾನದ ಕಥೆಯ ಮೂಲಕ ಹೇಳುತ್ತೇನೆ.

ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ಎಂಜಿನ್ನಿನ ಶಕ್ತಿ ಕುಂದುತ್ತದೆ. ಒಲೆ ನಂದುವಾಗ ಅಜ್ಜಿ ಊದುಗೊಳವೆ ಹಿಡಿಯುತ್ತಿದ್ದರಲ್ಲ, ಹಾಗೆಯೇ ಎಂಜಿನ್ನಿಗೂ ಗಾಳಿ ಊದಬೇಕು. ಎಂಜಿನ್ ಹೊರಬಿಡುವ ಹೊಗೆಯಿಂದಲೇ ಚಕ್ರ ತಿರುಗಿಸಿ ಗಾಳಿ ಒತ್ತುವ ಉಪಾಯವನ್ನು ಫ್ರಾನ್ಸಿನ ಆಗಸ್ಟ್ ರಾಟೊ ಮೊದಲ ಮಹಾಯುದ್ಧದ ಕಾಲದಲ್ಲೇ ಪ್ರಯೋಗಿಸಿದ್ದರು. ಅಮೆರಿಕದ ಬಿ-24 ಲಿಬರೇಟರ್ ಬಾಂಬರ್ ಮೊದಲು ಹಾರಿದ್ದು 1939ರ ಡಿಸೆಂಬರಿನಲ್ಲಿ. ಮುಂದೆ ಅದರ ನಾಲ್ಕು ಎಂಜಿನ್ನುಗಳಿಗೂ ಇದೇ ಟರ್ಬೊ ಬಂತು. ಫ್ರಾನ್ಸ್ ಕೂಡ ಈ ವಿಮಾನಕ್ಕೆ ಆರ್ಡರ್ ಕೊಟ್ಟಿತ್ತು; 1940ರಲ್ಲಿ ಫ್ರಾನ್ಸ್ ಸೋತ ಮೇಲೆ ಅವು ಬ್ರಿಟನ್ನಿನ ಪಾಲಾದವು.

ಯುದ್ಧ ಮುಗಿದಾಗ ಬ್ರಿಟಿಷರು ಕಾನ್ಪುರದಲ್ಲಿ ಹಲವಾರು ಲಿಬರೇಟರ್‌ಗಳನ್ನು, ಮತ್ತೆ ಹಾರಬಾರದೆಂದು ಕೆಡಿಸಿಯೇ ಬಿಟ್ಟುಹೋದರು. ಬೆಂಗಳೂರಿನಲ್ಲಿ 1940ರಲ್ಲಿ ಶುರುವಾಗಿದ್ದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಯುದ್ಧಕಾಲದಲ್ಲಿ ವಿಮಾನ ರಿಪೇರಿ ಮಾಡಿದ ಕೈಪಳಗು ಇತ್ತು. ಅಲ್ಲಿಯವರು ಆ ಗುಜರಿಯನ್ನು ಹಾರುವ ಮಟ್ಟಕ್ಕೆ ತಂದರು. ಪೈಲಟ್ ಜಮ್‌ಶೆಡ್ ಮುನ್ಷಿ ಅವನ್ನು ಬೆಂಗಳೂರಿಗೆ ಹಾರಿಸಿ ತಂದರು. ಪೂರ್ಣ ದುರಸ್ತಿಯಾಗಿ 1948ರಲ್ಲಿ ವಾಯುಪಡೆ ಸೇರಿದ ಲಿಬರೇಟರ್‌ಗಳು 1968ರವರೆಗೆ ದುಡಿದವು. ಹೀಗೆ ಉಳಿದವುಗಳಲ್ಲಿ ಒಂದನ್ನು ಭಾರತವೇ 1974ರಲ್ಲಿ ಬ್ರಿಟನ್ನಿನ ವಾಯುಪಡೆ ಮ್ಯೂಸಿಯಮ್ಮಿಗೆ ಕೊಟ್ಟಿತು!

ಮಕ್ಕಳೇ, ನನ್ನ ಕೆಲಸವೂ ಬಹುಪಾಲು ಇದೇ. ಯಾರೋ ಬರೆದುಬಿಟ್ಟುಹೋದ ಪ್ರೋಗ್ರಾಮನ್ನು ಓದಿ, ಕೆಟ್ಟದ್ದೆಲ್ಲಿ ಎಂದು ಹುಡುಕಿ, ನಡೆಯುವಂತೆ ಮಾಡುವುದು. ಅದಕ್ಕೆ ಬೇಕಾದ್ದು ತಾಳ್ಮೆ. ಅಡಿಕೆ ತೋಟದ ಪಂಪು ಬಿಚ್ಚಿ ಜೋಡಿಸುವವರಿಗೂ ಅದೇ ಬೇಕು. ಆದರೂ ಬಿ.ಇ. ಓದಿದವನು ಮೇಲೆ, ಪಂಪು ರಿಪೇರಿಯವನು ಕೆಳಗೆ ಎಂಬ ಲೆಕ್ಕ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಇದರಿಂದ ಎಷ್ಟೋ ಮಕ್ಕಳು ತಮ್ಮ ಕೈಯಲ್ಲಿರುವ ವಿದ್ಯೆಯನ್ನೇ ಮುಚ್ಚಿಡುತ್ತಾರೆ.

ಆದ್ದರಿಂದ ಹಳೆವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಸುವರ್ಣ ವರ್ಷದ ನೆನಪಿಗೆ ಕಮಾನು ಕಟ್ಟುವ ಮೊದಲು ಒಂದು ದುರಸ್ತಿ ಕೋಣೆ ಮಾಡೋಣ. ಹಳೆಯ ಮೋಟಾರು, ರೇಡಿಯೊ, ಕಂಪ್ಯೂಟರು ಅಲ್ಲಿಗೆ ಬರಲಿ. ಊರಿನ ಮೆಕ್ಯಾನಿಕ್ ಅಣ್ಣಂದಿರು ಶನಿವಾರ ಬಂದು ಗುರುಗಳಾಗಲಿ. ಮೊದಲ ಸೆಟ್ ಉಪಕರಣ ನನ್ನ ಲೆಕ್ಕದಲ್ಲಿರಲಿ.