ಎಲೆ ತಿರುಗಿಸಿ, ಎಣಿಸಿ, ಬರೆದಿಡಿ
(ಸಂಘದ ವಾರ್ಷಿಕೋತ್ಸವದಲ್ಲಿ ಆಡಿದ ಮಾತಿನ ಬರಹರೂಪ)

ಮೈಕು ಹಿಡಿದು ಮಾತಾಡಿ ನನಗೆ ಅಭ್ಯಾಸ ಇಲ್ಲ. ಇಲ್ಲೇ ಕುವೈತಿನ ವಫ್ರಾದಲ್ಲಿ ಹನ್ನೊಂದು ವರ್ಷದಿಂದ ಗ್ರೀನ್‌ಹೌಸ್ ಕೆಲಸ. ಅದರ ಬಗ್ಗೆಯೇ ಹೇಳ್ತೀನಿ. ಡ್ರೈವರ್‌ಗಳು, ಅಡುಗೆಯವರು, ಆಫೀಸಿನವರು ಎಲ್ಲಾ ಇದ್ದೀರಿ. ನಿಮ್ಮ ತಟ್ಟೆಗೆ ಬರೋ ಟೊಮೆಟೊ ವಿಷಯ ಇದು, ಸ್ವಲ್ಪ ಸಹಿಸಿಕೊಳ್ಳಿ.

ಆಗಸ್ಟ್ ಕೊನೆಗೆ ನಾವು ಟ್ರೇಗಳಲ್ಲಿ ಟೊಮೆಟೊ ಬೀಜ ಹಾಕ್ತೀವಿ. ಸಸಿಗೆ ನಾಲ್ಕು ಎಲೆ ಬರೋ ಹೊತ್ತಿಗೆ ಬಿಳಿ ನೊಣ ಹಾಜರ್. ಅದು ರಸ ಹೀರೋದು ಸಣ್ಣ ನಷ್ಟ. ಎಲೆ ಮುದುರು ರೋಗದ ವೈರಸ್ಸನ್ನು ಹೊತ್ತು ತರೋದೂ ಅದೇ. ಕೋಲಾರ, ಚಿಕ್ಕಬಳ್ಳಾಪುರದವರಿಗೆ ಈ ರೋಗವನ್ನು ನಾನು ವಿವರಿಸಬೇಕಾಗಿಲ್ಲ. ಸೋಂಕು ತಗುಲಿದ ಮೇಲೆ ಎಲೆ ಮುದುರೋಕೆ ಎರಡು ಮೂರು ವಾರ ಬೇಕು. ಅಷ್ಟರಲ್ಲಿ ಸಸಿ ನೆಟ್ಟಾಗಿರುತ್ತೆ. ವೈರಸ್ಸಿಗೆ ಔಷಧಿ ಇಲ್ಲ. ಹಾಗಾಗಿ ರೋಗ ಕಾಣೋವರೆಗೆ ಕಾಯದೆ ನೊಣವನ್ನೇ ಎಣಿಸಬೇಕು.

ಹಳದಿ ಅಂಟು ಹಾಳೆಯನ್ನು ಸಸಿಯ ನೆತ್ತಿಗಿಂತ ನಾಲ್ಕು ಬೆರಳು ಮೇಲೆ ಕಟ್ಟಿ. ಗಿಡ ಬೆಳೆದಂತೆ ಹಾಳೆಯನ್ನೂ ಏರಿಸಿ. ಬಾಗಿಲ ಹತ್ತಿರ ಒಂದು, ಗಾಳಿ ನುಗ್ಗುವ ಕಡೆ ಒಂದು, ಮಧ್ಯೆ ಒಂದೆರಡು. ಧೂಳು ಕೂತರೆ ಅಂಟು ಹೋಗುತ್ತೆ, ಇಲ್ಲಿನ ಧೂಳು ನಿಮಗೇ ಗೊತ್ತಲ್ಲ, ಆಗಾಗ ಬದಲಾಯಿಸಿ. ಥ್ರಿಪ್ಸ್‌ಗೆ ನೀಲಿ ಹಾಳೆ. ರಂಗೋಲಿ ಹುಳುವಿನ ನೊಣ ಹಳದಿಗೇ ಬೀಳುತ್ತೆ.

ಹಾಳೆ ಕಟ್ಟಿದ್ದೀವಿ, ಇನ್ನು ನೊಣ ಮುಗೀತು ಅಂದ್ಕೊಳ್ಳೋರು ಬಹಳ ಜನ. ಹಾಳೆಗೆ ಸಿಗೋದು ಹಾರುವ ನೊಣ ಮಾತ್ರ. ಮರಿಗಳು ಎಲೆಯ ಅಡಿಯಲ್ಲಿ ಅಂಟಿಕೊಂಡು ಕೂತಿರ್ತವೆ, ಕದಲೋದಿಲ್ಲ. ಬೆಳಿಗ್ಗೆ ತಂಪಿನಲ್ಲಿ, ನೊಣ ಚುರುಕಾಗೋ ಮೊದಲು, ಎಲೆಯನ್ನು ಮೆಲ್ಲಗೆ ತಿರುಗಿಸಿ ಭೂತಗನ್ನಡಿ ಹಿಡಿದು ನೋಡಿ. ಥ್ರಿಪ್ಸ್ ಅನುಮಾನ ಇದ್ದರೆ ಬಿಳಿ ಕಾಗದದ ಮೇಲೆ ಸಸಿಯನ್ನು ತಟ್ಟಿ, ಉದುರುತ್ತವೆ. ನಾನು ಅಂಚಿನಿಂದ ಮಧ್ಯದವರೆಗೆ ಅಡ್ಡಾದಿಡ್ಡಿ ನಡೆದು 20 ಸಸಿ ನೋಡ್ತೀನಿ. ಪ್ರತಿ ವಾರ ಅದೇ ದಿನ, ಅಷ್ಟೇ ಸಸಿ. ಇಲ್ಲದಿದ್ರೆ ಹೋದ ವಾರಕ್ಕೂ ಈ ವಾರಕ್ಕೂ ಹೋಲಿಸೋದು ಹೇಗೆ?

ಹೋದ ವರ್ಷ ಒಂದು ಗ್ರೀನ್‌ಹೌಸಿನಲ್ಲಿ ಬಾಗಿಲ ಹಾಳೆಗೆ 34 ಬಿದ್ದಿತ್ತು, ಮಧ್ಯದ್ದಕ್ಕೆ 3. ಮುದೀರ್ ಸಾಹೇಬರು ಇಡೀ ಮನೆಗೆ ಔಷಧಿ ಹೊಡೀರಿ ಅಂದ್ರು. ಒಳಗೆ ನಲವತ್ತು ಡಿಗ್ರಿ. ಪಂಪು ಹೊರೋದು ಯಾರು? ಆಗತಾನೇ ಊರಿಂದ ಬಂದ ಹುಡುಗರು, ಮೂಗಿಗೊಂದು ಟವೆಲ್ ಸುತ್ತಿಕೊಂಡು. ನಾನು ನೋಟ್‌ಬುಕ್ ತೆಗೆದು ಎರಡು ಅಂಕಿ ತೋರಿಸಿದೆ, ಬಾಗಿಲ ಹತ್ತಿರ ಕರೆದುಕೊಂಡು ಹೋದೆ. ಪರದೆ ಎರಡು ಗೇಣು ಹರಿದಿತ್ತು. ಹೊಲಿದ್ವಿ, ಬಾಗಿಲ ಬಳಿಯ ಟ್ರೇಗಳಿಗೆ ಮಾತ್ರ ಹೊಡೆದ್ವಿ. ಮುಂದಿನ ವಾರ ಅಲ್ಲಿ 6.

ನಮ್ಮಂಥ ಕೆಲಸದವರು ಬಾಯಲ್ಲಿ 'ಬೇಡ ಸಾರ್' ಅಂದ್ರೆ ಸೋಮಾರಿ ಅಂತಾರೆ. ತಾರೀಖು ಹಾಕಿ ಬರೆದ ಅಂಕಿಯನ್ನು ಹಾಗೆ ತಳ್ಳಿಹಾಕೋಕೆ ಆಗಲ್ಲ. ಇನ್ನೊಂದು ವಾರ ಎಲ್ಲಾ ಹಾಳೆಗಳಲ್ಲೂ ಏರಿತ್ತು. ಆಗ ಹೊಡೀಲೇಬೇಕು ಅಂದವನು ನಾನೇ; ಆದರೆ ಸಂಜೆ ತಂಪಿನಲ್ಲಿ, ಮಾಸ್ಕು ಗ್ಲೌಸು ಕೊಟ್ಟ ಮೇಲೆ. ಕೊಟ್ರು.

ಊರಲ್ಲಿ ತೋಟ ಇರೋರು ಅಂಗಡಿ ಹಾಳೆಗೇ ಕಾಯಬೇಕಿಲ್ಲ, ಹಳದಿ ಬಣ್ಣ ಬಳಿದ ತಗಡಿಗೆ ಹರಳೆಣ್ಣೆ ಸವರಿದರೂ ಆಗುತ್ತೆ. ಫೋನಲ್ಲಿ ಮನೆಯವರಿಗೆ ಹೇಳಿ. ನೋಟ್‌ಬುಕ್ ನೋಡಬೇಕು ಅನ್ನೋರು ಊಟ ಆದ್ಮೇಲೆ ಬನ್ನಿ, ಚೀಲದಲ್ಲೇ ಇದೆ.