ಬೂದಿ ಪುಕ್ಕಟೆ, ಬೆಂಕಿ ಪುಕ್ಕಟೆ ಅಲ್ಲ

ಗುತ್ತಿಗಾರಿನಿಂದ ಮಾತಾಡ್ತಾ ಇದ್ದೇನೆ. ಇವತ್ತು ಮೊದಲು ಒಂದು ತಪ್ಪೊಪ್ಪಿಗೆ. ಹಿಂದಿನ ಒಂದು ಎಪಿಸೋಡಿನಲ್ಲಿ ನಾನು, "ಕಲ್ಲಿದ್ದಲಿನ ಬೂದಿಯಿಂದ ಟೈಲ್ಸ್ ಮಾಡಿದ್ರೆ ಆಯ್ತಲ್ಲ, ಬೂದಿ ಪುಕ್ಕಟೆ ಸಿಗ್ತದೆ, ಟೈಲ್ಸೂ ಅಗ್ಗ" ಅಂತ ಹೇಳಿಬಿಟ್ಟಿದ್ದೆ. ಮನೆ ಕಟ್ತಾ ಇರುವ ನಮ್ಮ ಭಾವ ಕೂಡಲೇ ಫೋನ್ ಮಾಡಿದ್ರು. "ಎಲ್ಲಿ ಸಿಗ್ತದೆ ಮಾರಾಯ? ನೆಲದ ಕೆಲಸ ನಿಲ್ಲಿಸಿ ಕೂತಿದ್ದೇನೆ." ನನ್ನ ಹತ್ತಿರ ಉತ್ತರ ಇರಲಿಲ್ಲ. ಬಿ.ಕಾಂ. ಮಾಡಿದವನು ಲೆಕ್ಕ ಹಾಕದೆ ಮಾತಾಡಿದ್ದೆ.

ಹಾಗಾಗಿ ಕೂತು ಓದಿದೆ. ಮೊದಲನೆಯದಾಗಿ, ಎಲ್ಲ ಬೂದಿಯೂ ಒಂದೇ ಅಲ್ಲ. ನಮ್ಮ ಬಚ್ಚಲ ಒಲೆಯ ಬೂದಿಯಲ್ಲಿ ಸುಣ್ಣ, ಪೊಟ್ಯಾಷ್ ಜಾಸ್ತಿ. ಅಮ್ಮ ಅದನ್ನು ಬಸಳೆ ಬುಡಕ್ಕೆ ಹಾಕುವುದು ಅದಕ್ಕೇ. ಕಲ್ಲಿದ್ದಲಿನ ಬೂದಿ ಅಂದ್ರೆ ಅದರೊಳಗೆ ಸೇರಿಕೊಂಡಿದ್ದ ಮಣ್ಣು ಸುಟ್ಟು ಉಳಿದದ್ದು. ಹೆಚ್ಚಿನ ಪಾಲು ಸಿಲಿಕಾ, ಅಲ್ಯೂಮಿನಾ, ಜೊತೆಗೆ ಸ್ವಲ್ಪ ಕಬ್ಬಿಣ. ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಇದು ಬೀಳ್ತಾ ಉಂಟು. ನಮ್ಮ ದೇಶದ ಕಲ್ಲಿದ್ದಲನ್ನು 100 ಕೆಜಿ ಸುಟ್ಟರೆ 30–40 ಕೆಜಿ ಬೂದಿಯೇ ಉಳಿಯುತ್ತದೆ.

ಗಾಜಿಗೂ ಬೇಕಾದ್ದು ಸಿಲಿಕಾ. ಬೂದಿಗೆ ಸುಣ್ಣ, ಸೋಡಾದಂಥದ್ದು ಸೇರಿಸಿ ಸುಮಾರು 1400–1500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿದರೆ ಕಪ್ಪು ಗಾಜು ಸಿಗ್ತದೆ. ಕಪ್ಪು ಬರುವುದು ಕಬ್ಬಿಣದಿಂದ. ಅದನ್ನು ಪುನಃ 700–800 ಡಿಗ್ರಿಗೆ, ಆಮೇಲೆ ಇನ್ನೂ ಮೇಲಕ್ಕೆ ಕಾಯಿಸಿ ಹಾಗೇ ಇಡಬೇಕು. ಆಗ ಗಾಜಿನೊಳಗೇ ಸಣ್ಣ ಸಣ್ಣ ಹರಳು ಬೆಳೀತದೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಹರಳು ಶುರುವಾಗಲಿಕ್ಕೂ ಒಂದು ಹೆಪ್ಪು ಬೇಕು. ಟೈಟಾನಿಯಂ ಆಕ್ಸೈಡ್ ಹಾಕ್ತಾರೆ, ಕೆಲವು ಸಲ ಬೂದಿಯ ಕಬ್ಬಿಣವೇ ಸಾಕಾಗ್ತದೆ. ಇದೇ ಗ್ಲಾಸ್-ಸೆರಾಮಿಕ್.

ಇದು ಸಿಕ್ಕಿದ್ದೂ ಒಂದು ಎಡವಟ್ಟಿನಿಂದ. 1953ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ಡೊನಾಲ್ಡ್ ಸ್ಟೂಕಿ ಗಾಜಿನ ತುಂಡೊಂದನ್ನು 600 ಡಿಗ್ರಿಗೆ ಇಟ್ಟಿದ್ದರು. ಕುಲುಮೆ ಕೈಕೊಟ್ಟು 900ಕ್ಕೆ ಹೋಯ್ತು. ಗಾಜು ಕರಗಿ ಹೋಗಿರಬಹುದು ಅಂತ ನೋಡಿದ್ರೆ ಗಟ್ಟಿ ಬಿಳಿ ಹಲಗೆ! ತೆಗೆಯುವಾಗ ಇಕ್ಕಳದಿಂದ ಜಾರಿ ನೆಲಕ್ಕೆ ಬಿತ್ತು, ಒಡೆಯಲಿಲ್ಲ. 1960ರ ದಶಕದಲ್ಲಿ ಸೋವಿಯತ್ ಒಕ್ಕೂಟದವರು ಉಕ್ಕಿನ ಕಾರ್ಖಾನೆಯ ಕಿಟ್ಟದಿಂದಲೇ ಇಂಥ ಹಲಗೆಗಳನ್ನು ಕಾರ್ಖಾನೆಯಲ್ಲಿ ಮಾಡಿದ್ರು. ಅಂದ್ರೆ ವಿದ್ಯೆ ಹೊಸತಲ್ಲ.

ಮತ್ತೆ ಯಾಕೆ ನಮ್ಮ ಅಂಗಡಿಯಲ್ಲಿ ಇಲ್ಲ? ಲೆಕ್ಕ ಇಲ್ಲೇ ಇರುವುದು. ಬೂದಿ ಪುಕ್ಕಟೆ, ಆದ್ರೆ ಅಷ್ಟು ಬಿಸಿಗೆ ಬೇಕಾದ ಬೆಂಕಿಗೆ ದುಡ್ಡು ಬೇಕು. ಸಾದಾ ಟೈಲ್ಸಿಗೆ 1200 ಡಿಗ್ರಿ ಆಸುಪಾಸು ಸಾಕು, ಅದನ್ನು ಪೂರ್ತಿ ಕರಗಿಸಬೇಕೂ ಇಲ್ಲ. ಹಾರುಬೂದಿ ಇಟ್ಟಿಗೆಗಂತೂ ಕುಲುಮೆಯೇ ಬೇಡ. ಸಿಮೆಂಟು ಅಥವಾ ಸುಣ್ಣ ಸೇರಿಸಿ ಒತ್ತಿ, ನೀರು ಕುಡಿಸಿದರೆ ಆಯ್ತು. ಸಿಮೆಂಟ್ ಕಂಪನಿಗಳೂ ಅದೇ ಬೂದಿ ತಗೊಳ್ತಾರೆ. ಹಾಗಿರುವಾಗ ಕರಗಿಸುವವರು ಯಾರು?

ಆದರೆ ಬೂದಿ ನಿಜವಾಗಿ ಪುಕ್ಕಟೆಯಾ? ನಮ್ಮ ಪಕ್ಕದ ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ 1200 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರ ಉಂಟು. ಪರಿಸರ ಹಾನಿಗೆ ಸುಮಾರು 52 ಕೋಟಿ ರೂಪಾಯಿ ಪರಿಹಾರ ಕಟ್ಟಬೇಕು ಅಂತ ಹಸಿರು ನ್ಯಾಯಮಂಡಳಿ 2022ರಲ್ಲಿ ಆದೇಶ ಕೊಟ್ಟಿತು. ಊರಿನವರು ಸಮಿತಿ ಕಟ್ಟಿಕೊಂಡು ವರ್ಷಗಟ್ಟಲೆ ಹೋರಾಡಿದ ಮೇಲೆ. ಅಂಥ ಖರ್ಚನ್ನೂ ಬ್ಯಾಲೆನ್ಸ್ ಶೀಟಿಗೆ ಹಾಕಿದರೆ ಲೆಕ್ಕ ಬೇರೆ ಆಗ್ತದೆ. ಜಪಾನಿನಲ್ಲಿ ಕಸ ಸುಟ್ಟ ವಿಷದ ಬೂದಿಯನ್ನು ದುಡ್ಡು ಕೊಟ್ಟೇ ಕರಗಿಸ್ತಾರೆ, ಸೀಸದಂಥ ಲೋಹ ಗಾಜಿನೊಳಗೆ ಸಿಕ್ಕಿಹಾಕಿಕೊಳ್ಳಲಿ ಅಂತ. ಅಲ್ಲಿ ಯಾರೂ ಅದನ್ನು ಮಾರಿ ಲಾಭ ಮಾಡ್ಲಿಕ್ಕೆ ಹೊರಟದ್ದಲ್ಲ. ನಾನು ಹಿಂದಿನ ಸಲ ನೋಡದೆ ಬಿಟ್ಟದ್ದು ಇದನ್ನು.

ಭಾವನಿಗೆ ಎಲ್ಲ ವಿವರಿಸಿದೆ. ಅವರು ಅಷ್ಟರಲ್ಲಿ ಸುಳ್ಯದಿಂದ ಸಾದಾ ಟೈಲ್ಸ್ ತಂದಾಗಿತ್ತು. "ಕಂಪೌಂಡಿಗಾದ್ರೂ ಹಾರುಬೂದಿ ಇಟ್ಟಿಗೆ ನೋಡುವನಾ?" ಅಂದೆ.

"ಕೆಂಪು ಕಲ್ಲು ಉಂಟಲ್ಲ, ನೀನು ಸುಮ್ಮನಿರು" ಅಂದ್ರು.